ಬಂಗಾಳದ ಮಾದರಿ ಮತ್ತು ಕನ್ನಡದ ಪ್ರಾದೇಶಿಕ ಅಸ್ಮಿತೆ: ಬೆಟ್ಟದಪುರ ಸೀಮೆಯ ನಿದರ್ಶನ

ವಸಾಹತು ಆಳ್ವಿಕೆಯ ಕೊನೆಯ ದಶಕಗಳಲ್ಲಿ ಮೂಡಿದ ಪ್ರಾದೇಶಿಕ ಅಸ್ಮಿತೆಗಳನ್ನು ಚರ್ಚಿಸುವಾಗ ಬಂಗಾಳವನ್ನು ಮೊದಲ ಮಾದರಿಯಾಗಿ ಪರಿಗಣಿಸುವುದು ವಾಡಿಕೆ. 1905ರ ಅಕ್ಟೋಬರ್ 16ರಂದು ಬಂಗಾಳ ಪ್ರಾಂತ್ಯದ ವಿಭಜನೆ ಜಾರಿಗೆ ಬಂದಿತು. ಅದಕ್ಕೆದುರಾಗಿ ಎದ್ದ ಸ್ವದೇಶಿ ಚಳವಳಿ, ಒಂದು ಭಾಷೆಯನ್ನಾಡುವ ಜನ ಒಂದು ನಾಡಿನವರೆಂಬ ಭಾವನೆಗೆ ರಾಜಕೀಯ ಬಲವನ್ನು ತಂದಿತು. 1911ರಲ್ಲಿ ವಿಭಜನೆಯನ್ನು ರದ್ದುಗೊಳಿಸಲಾಯಿತು. ಈ ಮಾದರಿ ಕನ್ನಡಕ್ಕೆ ಹೇಗೆ ಬಂದಿತು ಮತ್ತು ಇಲ್ಲಿ ಎಷ್ಟರಮಟ್ಟಿಗೆ ಹೊಂದಿತು ಎಂಬುದು ವಿಚಾರಾರ್ಹ.

ಬಂಗಾಳದ ಪ್ರಭಾವ ಕನ್ನಡವನ್ನು ತಲುಪಿದ್ದು ಮುಖ್ಯವಾಗಿ ಎರಡು ದಾರಿಗಳಲ್ಲಿ. ಮೊದಲನೆಯದು ಸಾಹಿತ್ಯದ್ದು. ಮೈಸೂರು ಸಂಸ್ಥಾನದ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಹೊಸ ಗದ್ಯಕ್ಕೊಂದು ಓದುಗವರ್ಗವನ್ನು ಬೆಳೆಸಿದರು. ಎರಡನೆಯದು ರಾಜಕೀಯದ್ದು. ಬಂಗಾಳದ ಚಳವಳಿಯಿಂದ ಪ್ರೇರಣೆ ಪಡೆದ ಆಲೂರು ವೆಂಕಟರಾಯರು ಧಾರವಾಡದಲ್ಲಿ ಏಕೀಕರಣದ ಚಿಂತನೆಯನ್ನು ರೂಪಿಸಿದರು. ಮೈಸೂರಿನಲ್ಲಿ ನಾಡಿನ ಅಭಿಮಾನ ಬಹುಮಟ್ಟಿಗೆ ಅರಸೊತ್ತಿಗೆಯನ್ನೂ ಸಂಸ್ಥಾನವನ್ನೂ ಆಶ್ರಯಿಸಿತ್ತು. ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತ್ಯದ ಧಾರವಾಡದಲ್ಲಿ ಅದು ಭಾಷೆಯನ್ನು ಆಶ್ರಯಿಸಬೇಕಾಯಿತು. ಹೀಗಾಗಿ ಬಂಗಾಳಿ ಕಾದಂಬರಿಯನ್ನು ಬರಮಾಡಿಕೊಂಡ ಸೀಮೆಯೇ ಬೇರೆ, ಬಂಗಾಳದ ರಾಜಕಾರಣವನ್ನು ತನ್ನದಾಗಿಸಿಕೊಂಡ ಸೀಮೆಯೇ ಬೇರೆ.

ಇನ್ನೊಂದು ಭೇದ ಇದಕ್ಕಿಂತ ಮೂಲಭೂತವಾದುದು. ಬಂಗಾಳಿಗರ ಮುಂದೆ ಒಡೆಯಲ್ಪಟ್ಟ ಒಂದು ಪ್ರಾಂತ್ಯವಿತ್ತು. ಅದರ ಅಖಂಡತೆ ಜನರ ನೆನಪಿನಲ್ಲಿ ಹಸಿಯಾಗಿತ್ತು. ಕನ್ನಡಿಗರಾದರೋ 1799ರ ಅನಂತರ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿದ್ದರು; 1834ರಲ್ಲಿ ಕೊಡಗು ಪ್ರತ್ಯೇಕವಾಗಿ ಬ್ರಿಟಿಷರ ವಶವಾಯಿತು. ಹತ್ತಿರದ ನೆನಪಿನಲ್ಲಿ ದೊರೆಯದ ಅಖಂಡತೆಯನ್ನು ದೂರದ ಚರಿತ್ರೆಯಲ್ಲಿ ಅರಸಬೇಕಾಯಿತು. 1917ರಲ್ಲಿ ಪ್ರಕಟವಾದ ಆಲೂರರ ‘ಕರ್ನಾಟಕ ಗತವೈಭವ’ ಈ ಅಗತ್ಯದ ಫಲ. ಕದಂಬರಿಂದ ವಿಜಯನಗರದವರೆಗಿನ ಸಾಮ್ರಾಜ್ಯಗಳ ಸಾಲಿನಲ್ಲಿ ನಾಡಿನ ಏಕತೆಯನ್ನು ಕಾಣುವ ಈ ಕ್ರಮ ಜನರನ್ನು ಎಚ್ಚರಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಮ್ರಾಜ್ಯಗಳನ್ನೇ ಅಳತೆಗೋಲಾಗಿಸಿದಾಗ ಸಣ್ಣ ಸೀಮೆಗಳ ಚರಿತ್ರೆ ಅಂಚಿಗೆ ಸರಿಯುತ್ತದೆ.

ಅಂಥ ಸೀಮೆಗಳಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರವೂ ಒಂದು. ಇಲ್ಲಿನ ಬೆಟ್ಟದ ಮಲ್ಲಿಕಾರ್ಜುನ ಚೆಂಗಾಳ್ವರ ಕುಲದೈವ. ಈ ಅರಸುಮನೆತನದ ಆಳ್ವಿಕೆ ಹುಣಸೂರು, ಪಿರಿಯಾಪಟ್ಟಣಗಳ ಭಾಗದಿಂದ ಕೊಡಗಿನವರೆಗೆ ಹಬ್ಬಿತ್ತು. ಕೊಡಗಿನ ನಂಜರಾಜಪಟ್ಟಣ ಒಂದು ಕಾಲಕ್ಕೆ ಅವರ ರಾಜಧಾನಿ, ಪಿರಿಯಾಪಟ್ಟಣ ಅನಂತರದ್ದು. ವಸಾಹತು ಆಡಳಿತದ ಗಡಿ ಈ ಸೀಮೆಯ ನಡುವೆಯೇ ಹಾದುಹೋಯಿತು. ಬೆಟ್ಟದಪುರ ಮೈಸೂರು ಸಂಸ್ಥಾನದಲ್ಲಿ ಉಳಿಯಿತು, ನಂಜರಾಜಪಟ್ಟಣ ಕೊಡಗಿಗೆ ಸೇರಿತು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಸಂಪುಟಗಳಲ್ಲೂ ಇದರ ಗುರುತಿದೆ: ಕೊಡಗಿನ ಶಾಸನಗಳು 1886ರ ಮೊದಲ ಸಂಪುಟದಲ್ಲಿ, ಹುಣಸೂರು ತಾಲೂಕಿನವು 1898ರ ನಾಲ್ಕನೆಯ ಸಂಪುಟದಲ್ಲಿ ಅಚ್ಚಾದವು. ಒಂದೇ ಮನೆತನದ ದಾಖಲೆಗಳು ಆಡಳಿತದ ಗಡಿಯನ್ನನುಸರಿಸಿ ಬೇರೆಯಾದವು.

ಆದರೆ ಸಾಹಿತ್ಯ ಈ ಗಡಿಗಳನ್ನು ಒಪ್ಪುವುದಿಲ್ಲ. ಚೆಂಗಾಳ್ವ ವಂಶದ ನಂಜುಂಡ ಕವಿ 16ನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ಕಾವ್ಯದ ನಾಯಕ ಕುಮಾರರಾಮ, ಕಾವೇರಿ ತೀರದವನಲ್ಲ. ತುಂಗಭದ್ರೆಯ ಆಸುಪಾಸಿನ ಕುಮ್ಮಟದವನು. ತೆಂಕಣ ಸೀಮೆಯ ಕವಿಯೊಬ್ಬ ಬಡಗಣ ವೀರನನ್ನು ತನ್ನವನೆಂದು ಹಾಡಲು ಒಂದೇ ಆಡಳಿತ ಬೇಕಾಗಲಿಲ್ಲ; ಒಂದೇ ನುಡಿ, ಒಂದೇ ಛಂದಸ್ಸು, ಬಾಯಿಂದ ಬಾಯಿಗೆ ಸಾಗಿದ ಒಂದು ಕಥೆ ಸಾಕಾದವು. ಈ ವೀರನನ್ನು ಧರ್ಮಗಳ ಸಂಘರ್ಷದ ಪ್ರತೀಕವಾಗಿ ಮಾತ್ರ ಓದುವುದೂ ಸಮಂಜಸವಲ್ಲ. ದೆಹಲಿಯ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್‌ನಿಗೆ ಕಂಪಿಲರಾಯ ಆಶ್ರಯವಿತ್ತದ್ದು ಅವನ ನಾಶಕ್ಕೆ ಕಾರಣವಾಯಿತೆಂಬುದು ಇಬ್ನ್ ಬತೂತನ ಬರಹದಿಂದ ತಿಳಿಯುತ್ತದೆ.

ಬಂಗಾಳದ ಅನುಭವದ ಹಿನ್ನೆಲೆಯಲ್ಲಿ ಈ ಅಂಶ ಮಹತ್ವದ್ದು. 1905ರಲ್ಲಿ ಒಂದಾಗಿ ನಿಲ್ಲಲು ಕರೆಕೊಟ್ಟ ಆ ನಾಡು 1947ರಲ್ಲಿ ಧರ್ಮದ ಆಧಾರದ ಮೇಲೆ ಒಡೆಯಿತು. ಭಾಷೆ ಕಟ್ಟಿದ ಐಕ್ಯವನ್ನು ದೇವಿಯ ಪ್ರತಿಮೆಯಲ್ಲಿ ಮೂರ್ತಗೊಳಿಸಿದಾಗ, ಆ ಪ್ರತಿಮೆಯಲ್ಲಿ ತಮ್ಮನ್ನು ಕಾಣಲಾರದವರು ಹೊರಗುಳಿದರು. ಒಡಕಿಗೆ ಇದೊಂದೇ ಕಾರಣವಲ್ಲವಾದರೂ ಇದನ್ನು ಕಡೆಗಣಿಸುವಂತಿಲ್ಲ. ಕನ್ನಡನಾಡು 1956ರಲ್ಲಿ ಒಂದಾಯಿತು. ಬೆಟ್ಟದಪುರವೂ ಕೊಡಗೂ ಒಂದೇ ರಾಜ್ಯದಲ್ಲಿ ಸೇರಿದವು. ಕನ್ನಡದ ಅಸ್ಮಿತೆಯನ್ನು ಕುರಿತ ಅಧ್ಯಯನಗಳು ಸಾಮ್ರಾಜ್ಯಗಳ ವೈಭವದಷ್ಟೇ ಗಮನವನ್ನು ಚೆಂಗಾಳ್ವರಂಥ ಸಣ್ಣ ಮನೆತನಗಳ ಕಾವ್ಯ, ಶಾಸನಗಳಿಗೂ ಕೊಡಬೇಕಾಗಿದೆ. ನಾಡು ಒಂದೆಂಬ ಅರಿವು ಆಡಳಿತದ ನಕ್ಷೆಗೆ ಮೊದಲೇ ಹೇಗೆ ಬಾಳಿತ್ತೆಂಬುದಕ್ಕೆ ಸಾಕ್ಷಿ ಅಲ್ಲಿದೆ.