ದೇಹತೂಕ ಹೆಚ್ಚಿರುವವರು ವಿದ್ಯುತ್ ದ್ವಿಚಕ್ರ ವಾಹನ ಆಯ್ದುಕೊಳ್ಳುವ ಕುರಿತು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರಲ್ಲಿ ಹಲವರು ವಿದ್ಯುತ್ ವಾಹನ ಕೊಳ್ಳುವಾಗ ಬೆಲೆಯನ್ನೂ ಒಂದು ಚಾರ್ಜಿಗೆ ಓಡುವ ದೂರವನ್ನೂ ವಿಚಾರಿಸುತ್ತಾರೆ. ದೇಹತೂಕ ಹೆಚ್ಚಿರುವವರು ಮೊದಲು ಕೇಳಬೇಕಾದುದು ಭಾರಮಿತಿಯನ್ನು.

ವಾಹನದ ಅನುಮತಿತ ಒಟ್ಟು ತೂಕದಲ್ಲಿ ಅದರ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಹೊರಬಹುದಾದ ಭಾರ. ಉದಾಹರಣೆಗೆ, 250 ಕೆ.ಜಿ.ಯಲ್ಲಿ 110 ಕಳೆದರೆ 140. ನೂರು ಕೆ.ಜಿ. ತೂಗುವ ಸವಾರರ ಹಿಂದೆ 60 ಕೆ.ಜಿ.ಯವರೊಬ್ಬರು ಕುಳಿತರೆ ಮಿತಿ ಮೀರಿತು. ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವ ರೇಷ್ಮೆಗೂಡಿನ ಚೀಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮಿತಿ ಮೀರಿದಾಗ ಬ್ರೇಕ್ ಹಿಡಿದರೂ ವಾಹನವು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ಟೈರು, ಷಾಕ್ ಅಬ್ಸಾರ್ಬರುಗಳು ಬೇಗ ಸವೆಯುತ್ತವೆ.

ಮೋಟಾರಿನ ಶಕ್ತಿ 250 ವಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ನಿಯಮದ ಇತರ ಷರತ್ತುಗಳನ್ನು ಪೂರೈಸುವ ವಾಹನಗಳಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಡ. ಇದೇ ಅನೇಕರಿಗೆ ಆಕರ್ಷಣೆ. ಆದರೆ ಸವಾರರೂ ವಾಹನವೂ ಸೇರಿ 170 ಕೆ.ಜಿ. ಇದ್ದು, ದಾರಿಯು 20 ಮೀಟರಿಗೆ ಒಂದು ಮೀಟರಿನಂತೆ ಏರುತ್ತಿದ್ದರೆ, ಅಷ್ಟು ಶಕ್ತಿಯಿಂದ ಗಂಟೆಗೆ 10 ಕಿ.ಮೀ. ವೇಗವೂ ದೊರೆಯದು. ಮೋಟಾರು ಬಿಸಿಯೇರುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ನಂದಿಬೆಟ್ಟದ ತಪ್ಪಲಿನ ಗ್ರಾಮಗಳವರಿಗೆ ಇದು ತಕ್ಕುದಲ್ಲ. ನೋಂದಣಿಯ ವೆಚ್ಚ ಉಳಿಸಲು ಹೋಗಿ ಏರಿನಲ್ಲಿ ವಾಹನವನ್ನು ತಳ್ಳಬೇಕಾದೀತು.

ಜಾಹೀರಾತಿನಲ್ಲಿ ತಿಳಿಸುವ ದೂರವು ಪರೀಕ್ಷಾ ಸ್ಥಿತಿಯದು. ಭಾರ ಹೆಚ್ಚಿದಂತೆ ಅದು ಇಳಿಯುತ್ತದೆ. ಮಾರಾಟಗಾರರ ಬಾಯಿಮಾತನ್ನು ನಂಬದೆ ಭಾರಮಿತಿಯನ್ನು ತಯಾರಕರ ಕೈಪಿಡಿಯಲ್ಲೇ ಓದತಕ್ಕದ್ದು. ಮುಂಗಡ ಹಣ ಕೊಡುವ ಮುನ್ನ, ಮಿತಿಯೊಳಗಿನ ನಿತ್ಯದ ಭಾರದೊಡನೆ ಏರುದಾರಿಯಲ್ಲಿ ಓಡಿಸಿ, ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷಿಸಿ ನೋಡುವುದು.