ಮಾಳಢೋಕದ ಬಯಲು: ನಾನ್ನಜ ಅಭಯಾರಣ್ಯವನ್ನು ಕುರಿತು

ಸೊಲ್ಲಾಪುರದಿಂದ ಬಾರ್ಶಿಯ ಕಡೆಗೆ ಸಾಗುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿ ನಾನ್ನಜ ಎಂಬ ಗ್ರಾಮವಿದೆ. ಅದರ ಸುತ್ತಲಿನ ಹುಲ್ಲುಗಾವಲು ಮಾಳಢೋಕ ಪಕ್ಷಿಯ ಅಭಯಾರಣ್ಯ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಈ ಮಾರ್ಗವಾಗಿಯೇ ಹೋಗಿಬರುತ್ತಾರೆ. ಇಳಿದು ನೋಡಿದವರು ವಿರಳ. ತಾಡೋಬಾ, ಬಂಡೀಪುರಗಳ ಹೆಸರು ಬಲ್ಲ ನಾವು ಹಿತ್ತಿಲಿನ ಅಭಯಾರಣ್ಯವನ್ನು ಅರಿಯೆವು. ಅರಣ್ಯವೆಂದರೆ ದಟ್ಟವಾದ ಮರಗಳು ಎಂಬ ಕಲ್ಪನೆಯೇ ಇದಕ್ಕೆ ಕಾರಣ. ನಾನ್ನಜದಲ್ಲಿ ಮುಖ್ಯವಾಗಿ ಇರುವುದು ಹುಲ್ಲು.

ಕಳೆದ ಡಿಸೆಂಬರದ ಒಂದು ರವಿವಾರ ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಪುಣೆಯಿಂದ ಬಂದಿದ್ದ ತಂಗಿಯ ಹತ್ತು ವರ್ಷದ ಮಗನೂ ಜೊತೆಗಿದ್ದ. ಕಾವಲು ಗೋಪುರವನ್ನು ಏರಿ ನಾಲ್ಕೂ ದಿಕ್ಕಿಗೆ ನೋಡಿದವನೇ, "ಮಾಮಾ, ಇಲ್ಲಿ ಏನೂ ಇಲ್ಲ" ಎಂದ. ನನ್ನ ತಾಯಿ ಅಕ್ಕಲಕೋಟ ತಾಲೂಕಿನ ಒಕ್ಕಲುತನದ ಮನೆಯವರು. "ಏನೂ ಇಲ್ಲಂದ್ರ ಹ್ಯಾಂಗೋ ತಮ್ಮಾ? ಇಷ್ಟ್ ಹುಲ್ಲ ಐತಿ. ಹುಲ್ಲ ಇದ್ದಲ್ಲಿ ಎಲ್ಲಾ ಇರತೈತಿ" ಎಂದರು. ಅರ್ಧ ಗಂಟೆಯೊಳಗೆ ಅವರ ಮಾತು ನಿಜವಾಯಿತು. ಒಣಗಿದ ಹುಲ್ಲಿನ ಬಣ್ಣದಲ್ಲೇ ಬೆರೆತುಹೋಗಿದ್ದ ಕೃಷ್ಣಮೃಗಗಳ ಹಿಂಡು ಎದ್ದು ನಡೆಯತೊಡಗಿತು. ನೆಲಗುಬ್ಬಿಗಳು ಕಲ್ಲುಗಳ ನಡುವಿನಿಂದ ಹಾರಿದವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬರುವ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಯೊಂದು ಮಿಡತೆಗಳನ್ನು ಅರಸುತ್ತ ಹುಲ್ಲಿನ ತುದಿಗೆ ತಾಗುವಂತೆ ತೇಲಿಹೋಯಿತು. ಮಾಳಢೋಕ ಮಾತ್ರ ಕಾಣಲಿಲ್ಲ. ಒಂದು ಕಾಲದಲ್ಲಿ ಈ ಬಯಲಿನ ಗುರುತಾಗಿದ್ದ ಪಕ್ಷಿ ಇಂದು ಇಲ್ಲಿ ಕಾಣುವುದೇ ಅಪರೂಪ.

ಈ ಪಕ್ಷಿಯ ಹೆಸರುಗಳನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ಮರಾಠಿಯ 'ಮಾಳಢೋಕ'ದಲ್ಲಿ 'ಮಾಳ' ಎಂದರೆ ಎತ್ತರದ, ಮರಗಳಿಲ್ಲದ ಬಯಲು. 'ಢೋಕ' ಎಂದರೆ ಕೊಕ್ಕರೆಯಂಥ ಉದ್ದ ಕಾಲಿನ ಹಕ್ಕಿ. ಕನ್ನಡದಲ್ಲಿ ಇದಕ್ಕೆ ಎರೆಭೂತ, ಎರ್ಲಡ್ಡು ಎಂಬ ಹೆಸರುಗಳಿವೆ. ಎರೆ ಎಂದರೆ ಕಪ್ಪು ಮಣ್ಣಿನ ನೆಲ. ಎರಡು ಭಾಷೆಗಳೂ ಪಕ್ಷಿಯನ್ನು ಅದರ ಬಣ್ಣದಿಂದಲೋ ಕೂಗಿನಿಂದಲೋ ಗುರುತಿಸದೆ, ಅದು ನಿಂತ ನೆಲದಿಂದಲೇ ಗುರುತಿಸಿವೆ. ನೆಲ ಹೋದರೆ ಪಕ್ಷಿಯಿಲ್ಲ ಎಂಬ ತಿಳಿವು ಹೆಸರಿನೊಳಗೇ ಅಡಗಿದೆ.

ಮಾಳಢೋಕವು ಹಾರಬಲ್ಲ ಪಕ್ಷಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರಿದ್ದು. ಗಂಡು ಸುಮಾರು ಒಂದು ಮೀಟರ್ ಎತ್ತರ ನಿಲ್ಲುತ್ತದೆ. ತೂಕ 15 ಕಿಲೋವರೆಗೂ ಇರಬಹುದು. ಮಿಡತೆ, ಜೀರುಂಡೆ, ಬಾರಿಹಣ್ಣು, ಹೊಲದ ಕಾಳು, ಶೇಂಗಾ ಇದರ ಆಹಾರ. ಮಳೆಗಾಲದಲ್ಲಿ ಗಂಡು ಕೊರಳ ಚೀಲವನ್ನು ಉಬ್ಬಿಸಿ, ದೂರಕ್ಕೆ ಕೇಳುವ ಆಳವಾದ ಹೂಂಕಾರದಿಂದ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು, ಅದೂ ಬರಿ ನೆಲದ ಮೇಲೆ ಇಡುತ್ತದೆ. ದನದ ಗೊರಸಿಗೋ ನಾಯಿಯ ಬಾಯಿಗೋ ಆ ಮೊಟ್ಟೆ ಸಿಕ್ಕರೆ ಆ ವರ್ಷದ ಸಂತಾನ ಮುಗಿದಂತೆ. ಇದರ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ನೇರ ಮುಂದಿನ ದೃಷ್ಟಿ ಕಡಿಮೆ. ಭಾರವಾದ ದೇಹದಿಂದಾಗಿ ಹಾರುವಾಗ ಥಟ್ಟನೆ ತಿರುಗಲಾರದು. ಹೀಗಾಗಿ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವ ಪ್ರಸಂಗಗಳು ಹೆಚ್ಚು. ಇಂದು ಕಾಡಿನಲ್ಲಿ ಉಳಿದಿರುವ ಮಾಳಢೋಕಗಳು ಒಟ್ಟಾರೆ 150ರ ಆಸುಪಾಸು. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಭಾಗದಲ್ಲಿವೆ. ಅಲ್ಲಿ 2019ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಮರಿ ಮಾಡಿಸುವ ಕೇಂದ್ರವೊಂದು ನಡೆಯುತ್ತಿದೆ.

ನಾನ್ನಜದ ಅಭಯಾರಣ್ಯ ಘೋಷಣೆಯಾದದ್ದು 1979ರಲ್ಲಿ. ಸೊಲ್ಲಾಪುರ ಮತ್ತು ಅಂದಿನ ಅಹಮದನಗರ ಜಿಲ್ಲೆಗಳಲ್ಲಿ ಹರಡಿದ ಅದರ ವಿಸ್ತೀರ್ಣ ಕಾಗದದ ಮೇಲೆ 8,496 ಚ.ಕಿ.ಮೀ. ಇಷ್ಟು ದೊಡ್ಡ ಗಡಿಯೊಳಗೆ ಊರುಗಳೂ ರೈತರ ಹೊಲಗಳೂ ಸೇರಿದ್ದವು. ಭೂಮಿಯ ವ್ಯವಹಾರಕ್ಕೆ ತೊಡಕುಂಟಾದಾಗ ಜನ ಪಕ್ಷಿಯನ್ನೇ ತಮ್ಮ ಎದುರಾಳಿಯೆಂದು ಬಗೆದರು. ಮುಂದೆ ವಿಸ್ತೀರ್ಣವನ್ನು ಸುಮಾರು 1,222 ಚ.ಕಿ.ಮೀ.ಗೆ ಇಳಿಸಲಾಯಿತು. ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ರಕ್ಷಣೆಯಾಗದು, ನೆಲದೊಡನೆ ಬದುಕುವವರ ಒಪ್ಪಿಗೆ ಬೇಕು ಎಂಬ ಪಾಠ ಇದರಲ್ಲಿದೆ.

ಹುಲ್ಲುಗಾವಲಿಗೆ ಒದಗಿದ ಇನ್ನೊಂದು ಆಪತ್ತು ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ಬಯಲೆಂದರೆ ಬರಿದು, ಅಲ್ಲಿ ಮರ ನೆಟ್ಟರೆ ಪುಣ್ಯ ಎಂದು ನಾವು ತಿಳಿದಿದ್ದೇವೆ. ಕರ್ನಾಟಕದ ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಎರೆಭೂತದ ನೆಲೆಯೂ ಅದಾಗಿತ್ತು. ಅಲ್ಲಿ ಬೆಳೆದ ನೀಲಗಿರಿ ತೋಪುಗಳು ತೆರೆದ ಬಯಲನ್ನು ಮುಚ್ಚಿದವು. ದೂರದವರೆಗೆ ಕಣ್ಣು ಹಾಯಿಸಿ ಶತ್ರುವನ್ನು ಕಂಡುಕೊಳ್ಳುವ ಪಕ್ಷಿಗೆ ಮರಗಳ ಸಾಲು ಆಶ್ರಯವಲ್ಲ, ಅಡ್ಡಗೋಡೆ. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಮಾತ್ರ ಬೆರಳೆಣಿಕೆಯ ಎರ್ಲಡ್ಡುಗಳು ಉಳಿದಿವೆ.

ಇಲ್ಲಿ ನಮ್ಮ ಭಾಷೆಗಳ ಶಬ್ದಗಳು ಮತ್ತೆ ನೆರವಿಗೆ ಬರುತ್ತವೆ. ಉಳದೆ ಬಿಟ್ಟ ನೆಲವನ್ನು ಕನ್ನಡದಲ್ಲಿ 'ಬೀಳು' ಎಂದೂ ಮರಾಠಿಯಲ್ಲಿ 'ಪಡೀಕ' ಎಂದೂ ಕರೆಯುತ್ತೇವೆ. ಇವು ಉಳುವವನ ದೃಷ್ಟಿಯಿಂದ ಹುಟ್ಟಿದ ಮಾತುಗಳು, ಬೆಳೆಯಿಲ್ಲದ್ದು ಬಿದ್ದುಹೋದದ್ದು. ಅದೇ ನೆಲಕ್ಕೆ ಮೇಯಿಸುವವರು ಇಟ್ಟ ಹೆಸರುಗಳೂ ಇವೆ: ಕನ್ನಡದಲ್ಲಿ 'ಗೋಮಾಳ', ಮರಾಠಿಯಲ್ಲಿ 'ಗಾಯರಾನ'. ಮಾಳಢೋಕದ ಮಾಳವನ್ನು ಗೋಮಾಳದಲ್ಲಿಯೂ ಕೇಳಬಹುದು. ದನಕ್ಕೂ ಕುರಿಗೂ ಮೇವು, ಕೃಷ್ಣಮೃಗಕ್ಕೆ ನೆಲೆ, ಅದನ್ನು ಬೆನ್ನಟ್ಟುವ ತೋಳಕ್ಕೆ ಬೇಟೆ, ಪಕ್ಷಿಗೆ ಗೂಡು. ಈ ನೆಲ ಬರಿದಲ್ಲವೆಂದು ಕುರುಬರೂ ಧನಗರರೂ ಬಲ್ಲರು. ಯಾವ ಹೆಸರಿನಿಂದ ಕರೆಯುತ್ತೇವೆಯೋ ಅದರಂತೆ ನೆಲದ ಹಣೆಬರಹ ನಿರ್ಧಾರವಾಗುತ್ತದೆ. ಬೀಳು ಎಂದರೆ ಯಾರಿಗಾದರೂ ಕೊಡಬಹುದು, ಗೋಮಾಳವೆಂದರೆ ಕೇಳುವವರಿರುತ್ತಾರೆ.

ಹಳಗನ್ನಡ ಓದುವಾಗ ಎರಳೆ, ಹುಲ್ಲೆ ಎಂಬ ಪದಗಳು ನಿಮಗೆ ಎದುರಾಗುತ್ತವೆ. ಅರ್ಥಕೋಶ ನೋಡಿ 'ಜಿಂಕೆ' ಎಂದು ಬರೆದುಕೊಂಡು ಮುಂದೆ ಸಾಗುತ್ತೀರಿ. ನಮ್ಮ ಭಾಗದಲ್ಲಿ ಹಿರಿಯರು ಇಂದಿಗೂ 'ಚಿಗರಿ' ಎನ್ನುತ್ತಾರೆ. ಮರಾಠಿಯಲ್ಲಿ ಕೃಷ್ಣಮೃಗ 'ಕಾಳವೀಟ'. ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡು ಹುಲ್ಲಿನ ಮೇಲೆ ನೆಗೆಯುವುದನ್ನು ಒಮ್ಮೆ ಕಂಡವರಿಗೆ ಕಾವ್ಯದ ಉಪಮೆ ಬೇರೆಯಾಗಿಯೇ ತೆರೆದುಕೊಳ್ಳುತ್ತದೆ. ಗಡಿಯಾಚೆಯ ಕನ್ನಡದಲ್ಲಿ ಇಂಥ ಮಾತುಗಳು ಮುದ್ರಣದಲ್ಲಿ ಕಡಿಮೆ, ಹಿರಿಯರ ಬಾಯಲ್ಲಿ ಹೆಚ್ಚು. ಹುಲ್ಲು, ಮಣ್ಣು, ಹಕ್ಕಿಗಳ ಹೆಸರು ಅವರೊಂದಿಗೆ ಮರೆಯಾದರೆ ಮರಳಿ ದೊರೆಯಲಾರವು.

ಆದ್ದರಿಂದ ಈ ವರ್ಷದ ಕ್ಷೇತ್ರಕಾರ್ಯಕ್ಕೆ ನಾನ್ನಜವನ್ನು ಆರಿಸಿಕೊಳ್ಳಬಹುದೆಂದು ಸೂಚಿಸುತ್ತೇನೆ. ಚಳಿಗಾಲದ ಬೆಳಗಿನ ಹೊತ್ತು ಒಳ್ಳೆಯದು. ಅರಣ್ಯ ಇಲಾಖೆಯ ಅನುಮತಿ ಪಡೆದು, ತೋರಿಸಿದ ದಾರಿ ಬಿಡದೆ, ಸದ್ದು ಮಾಡದೆ ನೋಡಬೇಕು, ಹುಲ್ಲಿನೊಳಗೆ ಕಾಲಿಡಬಾರದು. ಹೋಗುವ ಮುನ್ನ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಮಣ್ಣಿನ ಬಗೆಗಳಿಗೆ, ಹುಲ್ಲುಗಳಿಗೆ, ಹಕ್ಕಿಗಳಿಗೆ ಅವರು ಬಳಸುವ ಕನ್ನಡ ಮತ್ತು ಮರಾಠಿ ಹೆಸರುಗಳನ್ನು ಎರಡು ಸಾಲಿನಲ್ಲಿ ಬರೆದು ತನ್ನಿರಿ. ಹೇಳಿದವರ ಊರು, ವಯಸ್ಸನ್ನೂ ನಮೂದಿಸಿರಿ. ಪಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ. ವಿಭಾಗದಲ್ಲಿ ಎಲ್ಲವನ್ನೂ ಕೂಡಿಸಿ ಒಂದು ಪದಕೋಶವನ್ನು ಸಿದ್ಧಪಡಿಸೋಣ.