ರಿಪೋರ್ಟ್ ನಾರ್ಮಲ್, ಬೆರಳು ಮಾತ್ರ ಮಡಚುತ್ತಿಲ್ಲ

ನಾಸಿಕ್ ಜಿಲ್ಲೆಯ ದಿಂಡೋರಿಯಲ್ಲಿ ದ್ರಾಕ್ಷಿ ಕೆಲಸವೆಂದರೆ ಬೆರಳಿನ ಕೆಲಸ. ಬಳ್ಳಿ ಸವರುವ ಚಾಟ್ನಿಯಾಗಲಿ, ಗೊನೆಯಲ್ಲಿ ಕಿಕ್ಕಿರಿದ ಕಾಯಿ ಬಿಡಿಸುವುದಾಗಲಿ, ಕತ್ತರಿ ಹಿಡಿದ ಕೈ ದಿನವಿಡೀ ಆಡುತ್ತಲೇ ಇರಬೇಕು. ನಮ್ಮ ವಿಜಯಪುರದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಕಡೆ ಬೆರಳು ಊದಿದರೆ ಮೊದಲ ಆರೋಪ ಕತ್ತರಿಯ ಮೇಲೆ. ಮೊಣಕೈಯಲ್ಲಿ ಹೊಟ್ಟೇಳುವ ಕೆಂಪು ಕಲೆಗೂ ಆ ಊತಕ್ಕೂ ನಂಟಿರಬಹುದೆಂದು ಯಾರಿಗೆ ಹೊಳೆಯಬೇಕು?

ಅಂಥ ಕಲೆ ಮೂಡಿಸುವ ಚರ್ಮರೋಗ ಸೋರಿಯಾಸಿಸ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಕೀಲುಗಳೂ ಕೆಡುತ್ತವೆ. ಅದೇ ಸೋರಿಯಾಟಿಕ್ ಸಂಧಿವಾತ. ಬಹುತೇಕರಲ್ಲಿ ಚರ್ಮ ಮೊದಲು, ಕೀಲು ವರ್ಷಗಳ ನಂತರ. ದುಡಿತದ ನೋವು ಕೈಗೆ ಬಿಡುವು ಕೊಟ್ಟರೆ ಇಳಿಯುತ್ತದೆ. ಈ ಸಂಧಿವಾತದ ನೋವು ಮಲಗಿ ಎದ್ದಾಗಲೇ ಹೆಚ್ಚು, ಕೈಯಾಡಿಸಿದಂತೆ ಸಡಿಲ. ಒಮ್ಮೊಮ್ಮೆ ಒಂದೇ ಬೆರಳು ಬುಡದಿಂದ ತುದಿವರೆಗೆ ಊದುತ್ತದೆ, ಹಿಮ್ಮಡಿ ನೋಯುತ್ತದೆ, ಉಗುರಲ್ಲಿ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತದೆ.

ಇಂಥ ನೋವೆಂದು ವೈದ್ಯರ ಬಳಿ ಹೋದರೆ ರಕ್ತ ಪರೀಕ್ಷೆ. ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವೆಂದು ನೋಡುವುದು ಇಎಸ್‌ಆರ್. ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆ, ಬಸಿರು, ವಯಸ್ಸು ಕೂಡ ಈ ಅಂಕಿಯನ್ನು ಏರಿಸಬಲ್ಲವು. ಕೋವಿಡ್ ಕಾಲದಲ್ಲಿ ಮನೆಮಾತಾದ ಸಿಆರ್‌ಪಿ ಉರಿಯೂತವಿದ್ದರೆ ಯಕೃತ್ತಿನಲ್ಲಿ ಹೆಚ್ಚಾಗಿ ತಯಾರಾಗುವ ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಅದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಸ್ಥೂಲಕಾಯದವರಲ್ಲಿ ಇದೂ ತುಸು ಮೇಲೇ ಇರುತ್ತದೆ.

ತೊಡಕಿರುವುದು ಇಲ್ಲೇ. ಸಿಆರ್‌ಪಿ ಏರಿದವರಲ್ಲಿ ಮುಂದೆ ಮೂಳೆ ಸವೆಯುವ ಅಪಾಯ ಹೆಚ್ಚು, ನಿಜ. ಆದರೆ ಈ ಕಾಯಿಲೆಯ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಎರಡೂ ಅಂಕಿ ಮಾಮೂಲಿಯಾಗಿಯೇ ಬರುತ್ತವೆ. ಆರ್‌ಎ ಫ್ಯಾಕ್ಟರ್ ಎಂಬ ಮತ್ತೊಂದು ರಕ್ತ ಪರೀಕ್ಷೆಯೂ ಸಾಮಾನ್ಯವಾಗಿ ನೆಗೆಟಿವ್. ಮೂರೂ ‘ಸರಿ’ ಇದ್ದ ಚೀಟಿ ಹಿಡಿದು ನೋವಿನ ಮಾತ್ರೆಯಲ್ಲೇ ದಿನ ದೂಡಿದರೆ ಕೀಲು ಒಳಗೊಳಗೇ ಹಾಳಾಗುತ್ತದೆ.

ಈ ಕಾಯಿಲೆಯ ತೀವ್ರತೆ ಅಳೆಯುವ ‘ಡಾಪ್ಸಾ’ ಎಂಬ ಲೆಕ್ಕ ನೋಯುವ ಕೀಲು, ಊದಿದ ಕೀಲು, ರೋಗಿ ಹೇಳುವ ನೋವು ಮತ್ತು ಒಟ್ಟು ಸ್ಥಿತಿಯ ಜೊತೆ ಸಿಆರ್‌ಪಿಯನ್ನೂ ಕೂಡಿಸುತ್ತದೆ. ಮೊತ್ತ 28 ದಾಟಿದರೆ ಕಾಯಿಲೆ ಜೋರು, 4ರೊಳಗೆ ಬಂದರೆ ಶಮನ. 2010ರಲ್ಲಿ ಬಂದ ಇನ್ನೊಂದು ಅಳತೆಗೋಲಿನ ಏಳು ಅಂಶಗಳಲ್ಲಿ ರಕ್ತ ಪರೀಕ್ಷೆ ಒಂದೂ ಇಲ್ಲ! ಲ್ಯಾಬು ದೂರವಿರುವ ಹಳ್ಳಿಗೆ ಇದೇ ವಾಸಿ ಎಂದು ನನಗನಿಸುತ್ತದೆ.

ವೈದ್ಯರ ಮುಂದೆ ಕೂತಾಗ ಚೀಟಿಯ ಜೊತೆ ಮೊಣಕೈಯನ್ನೂ ತೋರಿಸಿ. ಉಗುರಿಗೆ ಬಣ್ಣ ಹಚ್ಚಿದ್ದರೆ ಅಳಿಸಿಕೊಂಡು ಹೋಗಿ. ನೆತ್ತಿ, ಕಿವಿಯ ಹಿಂಭಾಗ, ಹೊಕ್ಕುಳು ಸೋರಿಯಾಸಿಸ್ ಅಡಗುವ ಜಾಗಗಳು. ಅಲ್ಲೇನಾದರೂ ಕಲೆಯಿದ್ದರೆ ಅವರು ಕೇಳದಿದ್ದರೂ ಹೇಳಿ.